ಚಂಥೂ ದೊಡ್ಡಮ್ಮನ ಕಡುಬು

ತನ್ನ ಕಡುಬು ತಿಂದು ಇದುವರೆಗೆ ಯಾರ ಹಲ್ಲೂ ಬಿದ್ದಿಲ್ಲ ಎಂದು ಚಂಥೂ ದೊಡ್ಡಮ್ಮ ಹೇಳಿಕೊಳ್ಳುತ್ತಾಳೆ. ಅದು ಸುಳ್ಳು. ಹೋದ ವರ್ಷ ನನ್ನ ಮಗಳ ಮುಂದಿನ ಹಲ್ಲು ಬಿದ್ದದ್ದು ಆ ಕಡುಬಿನಲ್ಲೇ. ಅಲ್ಲಾಡುತ್ತಿದ್ದ ಹಾಲುಹಲ್ಲು, ನಿಜ. ಆದರೂ ಕೀರ್ತಿ ಕಡುಬಿಗೇ ಸಲ್ಲಬೇಕು.

ಮಳೆಗಾಲ ಮುಗಿಯುತ್ತ ಹಿರಿಯರ ಹಬ್ಬ ಬಂತೆಂದರೆ ನಮ್ಮ ಸಂಕೇ ಹೊಳೆಯ ದಂಡೆಯಲ್ಲಿ ಅನ್ಸೋಂ ಕಡುಬು ಕಟ್ಟದ ಮನೆಯಿಲ್ಲ. ನೆನೆಸಿದ ಅಂಟಕ್ಕಿ, ನಡುವೆ ಹೆಸರುಬೇಳೆ, ಕೊಬ್ಬಿರುವ ಹಂದಿಮಾಂಸದ ತುಂಡು, ಸುತ್ತ ಬಾಳೆಎಲೆ. ಜೋಡಿ ಜೋಡಿಯಾಗಿ ಕಟ್ಟಿ ಹಂಡೆಗೆ ಹಾಕಿ ಕುದಿಸಿದರಾಯಿತು. ನನ್ನ ಅಮ್ಮ ಥಾವಿ ಮಾಡಿದ್ದು ಬಾಯಲ್ಲಿಟ್ಟರೆ ಕರಗುತ್ತದೆ. ಅವಳ ಒಡಹುಟ್ಟಿದ ಅಕ್ಕ ಚಂಥೂ, ಅದೇ ಅಜ್ಜಿಯ ಕೈಕೆಳಗೆ ಅದೇ ಒಲೆಯ ಮುಂದೆ ಕಲಿತವಳು, ಮಾಡಿದ್ದು ಮಾತ್ರ ಕಬ್ಬಿಣದ ಕಡಲೆ. ಸಾಲದ್ದಕ್ಕೆ ಉಪ್ಪು. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆಯನ್ನು ಅಷ್ಟು ಗಟ್ಟಿಯಾಗಿ ನಂಬಿದ ಇನ್ನೊಬ್ಬ ಹೆಂಗಸನ್ನು ನಾನು ಕಂಡಿಲ್ಲ.

ಅವಳ ಗಂಡ ಸಾರೋಂ ದೊಡ್ಡಪ್ಪ ಪ್ರತಿ ಹಬ್ಬಕ್ಕೂ ಹೆಂಡತಿಯ ಕಡುಬನ್ನೇ ಮೊದಲು ತಿನ್ನುತ್ತಿದ್ದ. ಒಂದು ತುತ್ತು ಅಗಿದು, ಉಳಿದದ್ದನ್ನು ತಟ್ಟೆಯಲ್ಲಿಟ್ಟು, "ಚಂಥೂ, ಒಂದು ಲೋಟ ನೀರು" ಎಂದು ರಾಗವಾಗಿ ಕೂಗುತ್ತಿದ್ದ. ಮನೆಮಂದಿಯೆಲ್ಲ ನಗುತ್ತಿದ್ದರು. ದೊಡ್ಡಮ್ಮ ಲೋಟವನ್ನು ಕುಕ್ಕಿ ಹೋಗುತ್ತಿದ್ದಳು. ಅವನು ಅಷ್ಟನ್ನೂ ತಿಂದು ಮುಗಿಸಿ, ಹೀಗೇ ಒಂದು ಸುತ್ತು ಹಾಕಿ ಬರುತ್ತೇನೆಂದು ಹೊರಟು, ನೆಟ್ಟಗೆ ನಮ್ಮ ಮನೆಗೆ ಬಂದು ಅಮ್ಮನ ಕಡುಬಿಗೆ ಕೂರುತ್ತಿದ್ದ. ಇದು ದೊಡ್ಡಮ್ಮನಿಗೆ ಗೊತ್ತಿತ್ತು. ಅವಳಿಗೆ ಗೊತ್ತೆಂಬುದು ಅವನಿಗೂ ಗೊತ್ತಿತ್ತು.

ಆ ದೊಡ್ಡಪ್ಪ ಈ ಬೇಸಿಗೆಯಲ್ಲಿ ಮಾವಿನ ಮರದ ಕೆಳಗೆ ಮಧ್ಯಾಹ್ನದ ನಿದ್ದೆಗೆ ಮಲಗಿದವನು ಏಳಲೇ ಇಲ್ಲ. ಅವನಿಲ್ಲದ ಮೊದಲ ಹಬ್ಬ ಇದು. ಸತ್ತವರನ್ನು ಈ ಪಕ್ಷದಲ್ಲಿ ಪರಲೋಕದಿಂದ ಹೊರಗೆ ಬಿಡುತ್ತಾರೆ, ಅವರು ವಿಹಾರದಿಂದ ವಿಹಾರಕ್ಕೆ ಹೋಗಿ ತಮ್ಮವರು ಎಡೆ ಇಟ್ಟಿದ್ದಾರೆಯೇ ಎಂದು ನೋಡುತ್ತಾರೆ, ಏಳು ವಿಹಾರ ಸುತ್ತಿದರೂ ಸಿಗದಿದ್ದರೆ ಹಸಿದ ಹೊಟ್ಟೆಯಲ್ಲಿ ಶಪಿಸಿ ಹಿಂದಿರುಗುತ್ತಾರೆ. ಹಾಗಾಗಿ ಯಾರೂ ತಪ್ಪಿಸಿಕೊಳ್ಳದೆ ಬಂದಿದ್ದರು. ದೊಡ್ಡಮ್ಮನ ಮಗ ವುಥಾ ಅಣ್ಣ ರಾಜಧಾನಿ ನೋಂಪೆನ್‌ನಿಂದ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದ. ಮಾವಂದಿರು, ಅತ್ತೆಯರು, ಅವರ ಸೊಸೆಯರು, ಹೆಸರು ನೆನಪಿಡಲಾಗದಷ್ಟು ಮಕ್ಕಳು. ಎಲ್ಲರೂ ತಂಗಿದ ದೊಡ್ಡಮ್ಮನ ಕಂಬದ ಮೇಲಿನ ಮನೆ ಕಿರುಗುಟ್ಟುತ್ತಿತ್ತು.

ಹಬ್ಬದ ಹಿಂದಿನ ದಿನ ಮನೆಯ ಕೆಳಗೆ ಚಾಪೆ ಹಾಸಿ ಎಲ್ಲರೂ ಎಲೆ ಒರೆಸಲು ಕೂತೆವು. ಮಕ್ಕಳ ತಲೆಯಲ್ಲೆಲ್ಲ ಅಂಟಕ್ಕಿ. ಹೊಸ ಸೊಸೆಯೊಬ್ಬಳು ಕಟ್ಟಿದ ಕಡುಬನ್ನು ಎತ್ತಿ ಹಿಡಿದು, ಇದು ಕಡುಬೋ ಬಾಣಂತಿಯ ಕೂಸೋ ಎಂದು ಅತ್ತೆ ಕೇಳಿದಾಗ ಆ ಹುಡುಗಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಒಂದು ಕಡೆ ಮೀನಿನ ಸಾರು, ಇನ್ನೊಂದು ಕಡೆ ಅಕ್ಕಿ ಶಾವಿಗೆ. ಇಂಥ ದಿನ ನನಗೆ ವರ್ಷಕ್ಕೊಂದು ಸಾಲದು. ನನ್ನ ಕೈಗೆ ಕೊಟ್ಟರೆ ತಿಂಗಳಿಗೊಂದು ಮಾಡುತ್ತೇನೆ.

ದೊಡ್ಡಮ್ಮ ಮಾತ್ರ ಬೇರೆ ಒಲೆ ಹೂಡಿದ್ದಳು. ಅಕ್ಕಿಯನ್ನಾದರೂ ನಾನು ಕಲಸಿಕೊಡುತ್ತೇನೆ ಎಂದು ಅಮ್ಮ ಹೋದಾಗ ಸೌಟು ಅಡ್ಡ ಹಿಡಿದು ಹಿಂದಕ್ಕೆ ಕಳಿಸಿದಳು. ನಾನು ಸೌದೆ ಕೊಡುವ ನೆವದಲ್ಲಿ ಹತ್ತಿರ ಕೂತೆ. ಸ್ವಲ್ಪ ಹೊತ್ತು ಒಲೆ ಊದಿ ಅವಳೇ ಬಾಯಿ ಬಿಟ್ಟಳು.

"ಮೊದಲ್ನೇ ವರ್ಷ ಕಣೇ ಮಾಲಿಸ್. ಬರ್ತಾರೋ ಇಲ್ವೋ. ಬದುಕಿದ್ದಾಗ್ಲೇ ನನ್ನ ಅಡುಗೆ ಉಂಡು ನಿಮ್ಮನೆಗೆ ಓಡ್ತಿದ್ರು. ಈಗ ಕಾಲಿಗೆ ಕಟ್ಟು ಹಾಕೋರು ಯಾರು?"

ಬರುತ್ತಾನೆ ಬಿಡು ಎಂದೆ. ಅವಳು ಹಂಡೆಗೆ ಮತ್ತೊಂದು ಹಿಡಿ ಉಪ್ಪು ಹಾಕಿದಳು.

ಈ ಮಾತನ್ನು ನಾನು ಅಮ್ಮನಿಗೆ ಹೇಳಿದೆ. ಅಮ್ಮ ರಾತ್ರಿಯೆಲ್ಲ ಮಗ್ಗುಲು ಬದಲಿಸಿ, ಬೆಳಕು ಹರಿಯುವಾಗ ನನ್ನನ್ನು ತಿವಿದು ಎಬ್ಬಿಸಿದಳು. ಪಾಪದ ಭಾವ, ಅಷ್ಟು ದೂರದಿಂದ ಹಸಿದು ಬರುವವನು, ಇವತ್ತೊಂದು ದಿನವಾದರೂ ಒಳ್ಳೆಯದು ತಿನ್ನಲಿ, ಅಕ್ಕನಿಗೂ ಗೌರವ ಉಳಿಯಲಿ ಎಂಬುದು ಅವಳ ವಾದ. ದೊಡ್ಡಮ್ಮ ಹೊಳೆಗೆ ಸ್ನಾನಕ್ಕೆ ಇಳಿದಿದ್ದಳು. ನಾನು ಮೆಟ್ಟಿಲ ಬಳಿ ಕಾವಲು ನಿಂತೆ.

ಎಡೆಯ ಬುತ್ತಿಯಲ್ಲಿ ದೊಡ್ಡಮ್ಮನ ಎರಡು ಜೋಡಿ ಕಡುಬು ಸಿದ್ಧವಾಗಿದ್ದವು. ಅವಳು ಕಟ್ಟುವುದು ಕೆಂಪು ಪ್ಲಾಸ್ಟಿಕ್ ದಾರದಲ್ಲಿ. ಅಮ್ಮನದು ತಾಳೆಗರಿಯ ಎಳೆ. ಅಮ್ಮ ದಾರ ಬಿಚ್ಚಿ ತನ್ನ ಎರಡು ಜೋಡಿಗೆ ಕೆಂಪು ದಾರ ಸುತ್ತಿ ಬುತ್ತಿಯಲ್ಲಿಟ್ಟಳು. ಅಕ್ಕನ ಕಡುಬುಗಳಿಗೆ ತಾಳೆಗರಿ ಕಟ್ಟಿ, ತನ್ನವು ನೇತಾಡುತ್ತಿದ್ದ ಅಡುಗೆಮನೆಯ ಬಿದಿರು ಗಳುವಿನ ತುದಿಗೆ ಸಿಕ್ಕಿಸಿದಳು. ಆಮೇಲೆ ಏನೂ ಅರಿಯದ ಹಸುವಿನ ಹಾಗೆ ಬಿಳಿ ಶಲ್ಯ ಹೊದ್ದು ಹಬ್ಬಕ್ಕೆ ತಯಾರಾದಳು.

ವಿಹಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಿಕ್ಷುಗಳು ಸಾಲಾಗಿ ಕೂತಿದ್ದರು, ಮುಂದೆ ಊರಿನ ಅಡುಗೆಯೆಲ್ಲ. ಅವರು ಉಂಡದ್ದು ಸತ್ತವರಿಗೆ ಮುಟ್ಟುತ್ತದೆ. ಆಚಾರ್ಯರು ಸತ್ತವರ ಹೆಸರುಗಳನ್ನು ಕೂಗುತ್ತ ಬಂದು ಸಾರೋಂ ಎಂದಾಗ ದೊಡ್ಡಮ್ಮ ಬೆನ್ನು ನೆಟ್ಟಗೆ ಮಾಡಿ, ಬಾಗಿಲ ಕಡೆ ಒಮ್ಮೆ ನೋಡಿದಳು.

ಮಂತ್ರ ಮುಗಿದು ಭಿಕ್ಷುಗಳು ಊಟಕ್ಕೆ ಕೈ ಹಾಕಿದರು. ನಮ್ಮ ಹಿರಿಯ ಗುರುಗಳು, ಬಾಯಲ್ಲಿ ಹಲ್ಲು ಅಲ್ಲೊಂದು ಇಲ್ಲೊಂದು, ದೊಡ್ಡಮ್ಮನ ತಟ್ಟೆಯಿಂದಲೇ ಒಂದು ತುಂಡು ತೆಗೆದುಕೊಂಡರು. ಅಮ್ಮ ನನ್ನ ತೊಡೆ ಚಿವುಟಿದಳು. ಗುರುಗಳು ಅಗಿದರು. ಮತ್ತೂ ಅಗಿದರು. ದವಡೆ ನಿಂತಿತು. ತುಂಡನ್ನು ಮೆಲ್ಲಗೆ ತಟ್ಟೆಗಿಟ್ಟು ತಲೆಯೆತ್ತಿ ಹೇಳಿದರು.

"ತಾಯಿ, ಒಂದು ಲೋಟ ನೀರು."

ದೊಡ್ಡಮ್ಮ ಅಷ್ಟು ಬೇಗ ಎದ್ದದ್ದನ್ನು ನಾನು ಎಂದೂ ನೋಡಿಲ್ಲ. ಲೋಟ ತುಂಬಿಸಿ ತಂದು, ಹೆಂಗಸರಿಂದ ಪಡೆಯಲೆಂದು ಗುರುಗಳು ಮುಂದೆ ಹಾಸಿದ್ದ ಬಟ್ಟೆಯ ಅಂಚಿಗೆ, ಕುಕ್ಕದೆ, ಎರಡೂ ಕೈಯಿಂದ ಇಟ್ಟಳು.

ಇತ್ತ ಅಮ್ಮನ ಮುಖ ಬಾಡಿದ ಬದನೆಕಾಯಿ. ತನ್ನ ಕಡುಬಿಗೆ ಯಾರಾದರೂ ನೀರು ಕೇಳುವುದೆಂದರೆ ಅವಳಿಗೆ ಅದಕ್ಕಿಂತ ದೊಡ್ಡ ಅವಮಾನ ಬೇರೆಯಿಲ್ಲ. ಉಪ್ಪು ಎರಡು ಸಲ ಹಾಕಿದೆನೇ, ಬೇಳೆ ಬೇಯಲಿಲ್ಲವೇ ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತ ಅವಳು ನನ್ನನ್ನು ಹೊರಗೆ ಅಶ್ವತ್ಥದ ಮರದ ಬಳಿ ಎಳೆದುಕೊಂಡು ಬಂದಳು. ಅಲ್ಲಿ ವುಥಾ ಅಣ್ಣ ಕೂತಿದ್ದ. ಕೈಯಲ್ಲಿ ಅರ್ಧ ತಿಂದ ಕಡುಬು, ಕಣ್ಣಲ್ಲಿ ನೀರು.

"ಚಿಕ್ಕಮ್ಮ, ನಾನು ಪಾಪಿ," ಎಂದ. "ಅಪ್ಪ ಒಳ್ಳೇದು ತಿನ್ನಲಿ ಅಂತ, ನೀವೆಲ್ಲ ಬಟ್ಟೆ ಹಾಕ್ಕೊಳ್ತಿದ್ದಾಗ ಬುತ್ತೀಲಿದ್ದ ಅಮ್ಮನ ಕಡುಬು ತೆಗೆದು, ಅದರ ಕೆಂಪು ದಾರ ನಿಮ್ಮದಕ್ಕೆ ಸುತ್ತಿ ಇಟ್ಬಿಟ್ಟೆ. ಅಮ್ಮನದು ಬಿಸಾಕೋಕೆ ಮನಸ್ಸು ಬರ್ಲಿಲ್ಲ, ತಿನ್ನೋಣ ಅಂತ ಬಂದೆ. ನೋಡಿ, ಎಷ್ಟು ಚೆನ್ನಾಗಿದೆ. ಹುಟ್ಟಿದಾಗಿಂದ ಅಮ್ಮ ಹೀಗೆ ಮಾಡಿರ್ಲಿಲ್ಲ. ಅಪ್ಪನಿಗೋಸ್ಕರ ಕಲ್ತಿದಾಳೆ. ನಾನು ಅದನ್ನೇ ಕದ್ದೆ."

ಅಮ್ಮ ಅವನ ಕೈಯಿಂದ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಮುಖಕ್ಕೆ ಒಮ್ಮೆಲೇ ಜೀವ ಬಂತು.

"ಇದು ನಂದು ಕಣೋ," ಎಂದಳು.

ಬುತ್ತಿಗೆ ಇಟ್ಟದ್ದನ್ನು ಯಾವ ಗಳುವಿನಿಂದ ತೆಗೆದೆ ಎಂದು ನಾನು ಕೇಳಿದೆ. ಅಡುಗೆಮನೆಯ ಗಳುವಿನ ತುದಿಯಲ್ಲಿದ್ದ ಎರಡು ಜೋಡಿ ಎಂದ. ಅಮ್ಮ ಚಾಪೆಯ ಕೆಳಗೆ ತೂರಿದರೆ ಇವನು ರಂಗೋಲಿಯ ಕೆಳಗೆ ತೂರಿದ್ದ. ಅಮ್ಮ ಬುತ್ತಿಯಿಂದ ತೆಗೆದು ಅಡಗಿಸಿಟ್ಟ ಕಡುಬುಗಳನ್ನೇ ಅವನು ಹುಡುಕಿ ಹುಡುಕಿ ಬುತ್ತಿಗೆ ವಾಪಸು ತುಂಬಿದ್ದ. ಗುರುಗಳ ದವಡೆ ನಿಲ್ಲಿಸಿದ್ದು ದೊಡ್ಡಮ್ಮನದೇ ಅಸಲಿ ಮಾಲು. ಮೂವರೂ ಮುಖ ಮುಖ ನೋಡಿಕೊಂಡು ನಗಲು ಶುರುಮಾಡಿದೆವು. ನಕ್ಕು ನಕ್ಕು ಸುಸ್ತಾಗಿ ತಿರುಗಿದರೆ ಹಿಂದೆ ದೊಡ್ಡಮ್ಮ.

ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾವು ಇಂಗು ತಿಂದ ಮಂಗಗಳ ಹಾಗೆ ನಿಂತೆವು. ತಂಗಿಯನ್ನು ಬೈದಳು, ಮಗನನ್ನು ಬೈದಳು, ಮೆಟ್ಟಿಲ ಕಾವಲಿಗೆ ನನ್ನನ್ನೂ ಬಿಡಲಿಲ್ಲ. ಸತ್ತವನ ಎಡೆಗೆ ಕೈ ಹಾಕುವ ಕಳ್ಳರು ನಮ್ಮ ವಂಶದಲ್ಲೇ ಹುಟ್ಟಬೇಕಿತ್ತೇ ಎಂದಳು. ಆಮೇಲೆ ಉಸಿರು ಎಳೆದುಕೊಂಡು, ತಟ್ಟೆಯಲ್ಲಿ ಕೊನೆಗೆ ಇದ್ದದ್ದು ಯಾರದು ಎಂದು ಇನ್ನೊಮ್ಮೆ ಕೇಳಿದಳು.

"ನಿಂದೇ ಅಕ್ಕ," ಎಂದಳು ಅಮ್ಮ ತಲೆತಗ್ಗಿಸಿ. "ತಪ್ಪಾಯ್ತು. ಭಾವನಿಗೆ ಬಾಯಿಗೆ ರುಚಿಯಾಗಿ ಸಿಗ್ಲಿ ಅಂತಿದ್ದೆ."

ದೊಡ್ಡಮ್ಮ ಮರದ ಬೇರಿನ ಮೇಲೆ ಕೂತಳು. ಸೆರಗಿನಂತೆ ಹೊದ್ದ ಬಿಳಿ ಬಟ್ಟೆಯಲ್ಲಿ ಕಣ್ಣೊರೆಸಿಕೊಂಡಳು. ತುಟಿಯಲ್ಲಿ ಮಾತ್ರ ನಗು.

"ಪೆದ್ದಿ, ನಿನ್ನ ಕಡುಬು ಇಟ್ಟಿದ್ರೆ ಏನಾಗ್ತಿತ್ತು ಗೊತ್ತಾ? ಇದು ಥಾವಿ ಎಡೆ ಅಂದ್ಕೊಂಡು ಚೆನ್ನಾಗಿ ತಿಂದು, ಆಮೇಲೆ ನನ್ನ ಹುಡುಕ್ಕೊಂಡು ಮುಂದಿನ ವಿಹಾರಕ್ಕೆ ಹೊರಟುಬಿಡ್ತಿದ್ರು. ಏಳೂ ಸುತ್ತಿದ್ರೂ ನಾನು ಸಿಗ್ತಿದ್ನಾ?"

ಒಳಗೆ ಊಟಕ್ಕೆ ಎಲ್ಲರನ್ನೂ ಕರೆಯುತ್ತಿದ್ದರು. ದೊಡ್ಡಮ್ಮ ಎದ್ದು, ಮಗನ ಬೆನ್ನಿಗೊಂದು ಗುದ್ದಿ ನಡೆದಳು. ಬಾಗಿಲ ಹತ್ತಿರ ನಿಂತು ಹಿಂದಕ್ಕೆ ತಿರುಗಿ ನೋಡಿದಳು.

"ಕೇಳಿಸ್ಕೊಂಡ್ರಿ ತಾನೆ?" ಎಂದಳು. "ಬಂದ ತಕ್ಷಣ ನೀರು ಕೇಳಿದ್ರು."