ಲೆಕ್ಕ ಬಾರದ ಮೇಷ್ಟ್ರು

ತರಬೇತಿಗೆ ಬಂದ ಶಿಕ್ಷಕರಿಗಿಂತ ತುಂಟ ಮಕ್ಕಳು ಈ ಭೂಮಿಯ ಮೇಲೆ ಇಲ್ಲ. ಶಾಲೆಯಲ್ಲಿ "ಕೈ ಕಟ್ಟು, ಬಾಯಿ ಮುಚ್ಚು" ಅಂತ ಗದರುವವರಿಗೇ ಇಲ್ಲಿ "ನೀವೀಗ ಮೂರನೇ ತರಗತಿ ಮಕ್ಕಳು" ಅಂದರೆ ಸಾಕು, ಒಬ್ಬರು ಕಿರುಬೆರಳು ಎತ್ತುತ್ತಾರೆ, ಇನ್ನೊಬ್ಬರು ಪಕ್ಕದವರ ಚಪ್ಪಲಿ ಅಡಗಿಸುತ್ತಾರೆ. ಹಗರಿಬೊಮ್ಮನಹಳ್ಳಿಯ ತರಬೇತಿ ಕೋಣೆಯಲ್ಲಿ ಅಂದು ಅಂಥವರು ನಲವತ್ತು ಮಂದಿ ಇದ್ದರು. ಶಿಕ್ಷಕರಿಗೇ ಪಾಠ ಹೇಳುವ ಸಂಪನ್ಮೂಲ ವ್ಯಕ್ತಿಯಾಗಿ ನಾನು ನಿಂತದ್ದು ಅದೇ ಮೊದಲು.

ಹಿಂದಿನ ಸಾಲಿನಲ್ಲಿ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ ಡಯಟ್‌ನ ಶಿವಬಸಮ್ಮ ಮೇಡಂ ಕೂತಿದ್ದರು. ನನ್ನ ಮಾದರಿ ಪಾಠ ಒಪ್ಪಿಗೆಯಾದರೆ ಮಾತ್ರ ಮುಂದಿನ ತರಬೇತಿಗಳಿಗೆ ಕರೆಯುವುದಾಗಿ ಖಡಾಖಂಡಿತ ಹೇಳಿದ್ದರು. ವಾರವಿಡೀ ಓದಿದ್ದೆ. ಮಗು ಖಾಲಿ ಪಾತ್ರೆಯಲ್ಲ, ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳುತ್ತದೆ. ತಪ್ಪು ಉತ್ತರದ ಹಿಂದೆಯೂ ಒಂದು ತರ್ಕ ಇರುತ್ತದೆ. ಇಂದು ಒಬ್ಬರ ಆಸರೆಯಲ್ಲಿ ಮಾಡಿದ್ದನ್ನು ಮಗು ನಾಳೆ ತಾನೊಂದೇ ಮಾಡುತ್ತದೆ. ಎಲ್ಲವನ್ನೂ ಬಣ್ಣಬಣ್ಣದ ಸ್ಲೈಡ್ ಮಾಡಿ ತಂದಿದ್ದೆ. ಆದರೆ ಮೂರನೇ ಸಾಲಿನಲ್ಲಿ ಕೂತವರನ್ನು ಕಂಡದ್ದೇ ಸ್ಲೈಡಿನ ಮೊದಲ ಸಾಲೇ ಮರೆತುಹೋಯಿತು.

ಉಚ್ಚಂಗೆಪ್ಪ ಮೇಷ್ಟ್ರು. ಮಾಗಳದ ಶಾಲೆಯಲ್ಲಿ ನನಗೆ ಮೂರನೇ ತರಗತಿ ಕಲಿಸಿದವರು. ಕೂದಲೆಲ್ಲ ಬೆಳ್ಳಗಾಗಿತ್ತು. ಬರುವ ತಿಂಗಳು ನಿವೃತ್ತಿಯಂತೆ. ನನ್ನ ಗುರುತು ಸಿಕ್ಕಿತೋ ಇಲ್ಲವೋ, ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಯಾರ ಮುಂದೆ ಸೋತರೂ ಪರವಾಗಿಲ್ಲ, ಇವರ ಮುಂದೆ ಸೋಲಬಾರದು ಅನ್ನಿಸಿತು.

ಸ್ಲೈಡ್ ಮುಗಿಸಿ, ಮೂವತ್ತೆರಡರಲ್ಲಿ ಹದಿನೇಳು ಕಳೆಯುವ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೆ.

"ಮಕ್ಕಳೇ, ಯಾರು ಹೇಳ್ತೀರಿ?"

ಉಚ್ಚಂಗೆಪ್ಪ ಮೇಷ್ಟ್ರು ನಿಧಾನಕ್ಕೆ ಎದ್ದು ಕೈ ಕಟ್ಟಿ ನಿಂತರು. "ಇಪ್ಪತ್ತೈದು, ಟೀಚರ್."

ಕೋಣೆಯೆಲ್ಲ ಗೊಳ್ಳೆಂದಿತು. ಮಾರೇಶ್ ಅನ್ನುವ ಹೊಸ ಮೇಷ್ಟ್ರು, "ಸರ್, ರಿಟೈರ್ ಆಗಾಕ ಬಂದ್ರೂ ಕಳಿಯೋ ಲೆಕ್ಕ ಬರವಲ್ದಲ್ರಿ!" ಅಂತ ಬೆಂಚು ಕುಟ್ಟಿದ.

ನಾನು ಬಿಡಿ, ಹತ್ತು, ದಶಕ ಪಡೆಯುವುದು ಅಂತ ಸ್ಲೈಡಿನಲ್ಲಿದ್ದಂತೆಯೇ ವಿವರಿಸಿದೆ. ಅವರು ತಲೆಯಾಡಿಸಿದರು.

"ಏಳರಾಗ ಎರಡು ಹೋದ್ರ ಐದು. ಮೂರರಾಗ ಒಂದು ಹೋದ್ರ ಎರಡು. ಇಪ್ಪತ್ತೈದ ಬರ್ತೈತಿ, ಟೀಚರ್."

ಮತ್ತೆ ಹೇಳಿದೆ. ಮತ್ತೆ ಇಪ್ಪತ್ತೈದು. ಶಿವಬಸಮ್ಮ ಮೇಡಂ ಗಡಿಯಾರ ನೋಡಿಕೊಂಡರು. ನನಗೆ ಸಿಟ್ಟೇ ಬಂತು. ಇಷ್ಟು ವರ್ಷದ ಮೇಲೆ ಸಿಕ್ಕು, ಎಲ್ಲರೆದುರು ನನ್ನ ಮಾನ ಕಳೆಯಲು ನಿಂತಿದ್ದಾರಲ್ಲ ಈ ಮುದುಕ! ಅಷ್ಟರಲ್ಲಿ ಅವರು ತಲೆ ತಗ್ಗಿಸಿ, ಕೊರಳಲ್ಲಿದ್ದ ಐಡಿ ಕಾರ್ಡಿನ ದಾರವನ್ನು ಬಾಯಿಗೆ ಹಾಕಿ ಕಚ್ಚತೊಡಗಿದರು. ಹೆಬ್ಬೆರಳಿನಿಂದ ನೆಲ ಕೆರೆಯತೊಡಗಿದರು.

ನನ್ನ ಸಿಟ್ಟು ಅಲ್ಲೇ ಇಳಿಯಿತು. ಜಡೆಯ ರಿಬ್ಬನ್ ಕಚ್ಚುತ್ತ, ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಲ್ಲುತ್ತಿದ್ದವಳು ನಾನು. ಅವರು ನನ್ನನ್ನೇ ಆಡಿ ತೋರಿಸುತ್ತಿದ್ದರು.

ಮಾಗಳದ ಆ ತರಗತಿಯಲ್ಲಿ ನಾನೂ ಹೀಗೇ ಇಪ್ಪತ್ತೈದು ಅಂದಿದ್ದೆ. ಮಕ್ಕಳೆಲ್ಲ ನಕ್ಕಿದ್ದರು. ಆಮೇಲೆ ಶಾಲೆಯಲ್ಲಿ ನಾನು ತುಟಿ ಬಿಚ್ಚಲಿಲ್ಲ, ಹಾಜರಿ ಕರೆದರೂ ಕೈ ಎತ್ತುತ್ತಿದ್ದೆ ಅಷ್ಟೇ. "ಈ ಹುಡುಗಿನ ಶಾಲಿ ಬಿಡಿಸಿ ಕೂಲಿಗೆ ಕರ್ಕೊಂಡು ಹೋಗ್ತೀನಿ" ಅನ್ನುವ ಮಾತು ನನ್ನವ್ವ ಸುಂಕಮ್ಮನ ಬಾಯಲ್ಲಿ ಬಂದಿತ್ತು. ಒಂದು ದಿನ ಮೇಷ್ಟ್ರು ಅದೇ ಲೆಕ್ಕ ಬರೆದು, ತಾವೇ ತಲೆ ಕೆರೆದುಕೊಂಡರು.

"ಅವತ್ತು ಯಾಕ ನಕ್ರಿ ಲೇ? ನನಗೂ ಇಪ್ಪತ್ತೈದ ಬರಾಕತ್ತೈತಿ. ಏ ರೇಖಾ, ನನಗ ಈ ಲೆಕ್ಕ ಬರವಲ್ದು. ಇಬ್ರೂ ಕೂಡಿ ನೋಡೋಣೇನು?"

ನನ್ನ ಪಕ್ಕ ನೆಲದ ಮೇಲೆ ಕೂತರು. ಜೇಬಿನಿಂದ ಹುಣಸೆ ಬೀಜ ತೆಗೆದರು. ಹತ್ತು ಹತ್ತು ಬೀಜ ಕಟ್ಟಿದ ಮೂರು ಬಟ್ಟೆಗಂಟು, ಬಿಡಿ ಬೀಜ ಎರಡು. "ಇದರಾಗ ನನಗ ಹದಿನೇಳು ಕೊಡವ್ವ" ಅಂದರು. ನಾನು ಒಂದು ಗಂಟು ಕೊಟ್ಟೆ, ಬಿಡಿ ಎರಡೂ ಕೊಟ್ಟೆ. ಇನ್ನೂ ಐದು ಬೇಕು. ಬೀಜಗಳನ್ನೇ ದಿಟ್ಟಿಸಿದೆ. ಅವರೂ ದಿಟ್ಟಿಸಿದರು. ಎಷ್ಟು ಹೊತ್ತು ಕೂತೆವೋ, ಒಂದೇ ಒಂದು ಮಾತು ಹೇಳಿಕೊಡಲಿಲ್ಲ ಪುಣ್ಯಾತ್ಮ.

"ಸಾರ್, ಗಂಟು ಬಿಚ್ಚಬೇಕ್ರಿ!" ನಾನು ಕಿರುಚಿಬಿಟ್ಟೆ.

"ಹೌದಲ್ಲ! ನನಗ ಇದು ಹೊಳಿಲೇ ಇಲ್ಲ ನೋಡು" ಅಂದರು. ಆ ಮುಖದಲ್ಲಿ ಎಂಥ ಬೆರಗಿತ್ತು! ನಾನು ಪೂರ್ತಿ ನಂಬಿದೆ. ಓಡಿ ಹೋಗಿ ಅವ್ವನಿಗೆ ಹೇಳಿದೆ, ಹೊಳೆಯಲ್ಲಿ ಬಟ್ಟೆ ಒಗೆಯುವವರಿಗೆಲ್ಲ ಹೇಳಿದೆ: ನಮ್ಮ ಮೇಷ್ಟ್ರಿಗೆ ಕಳೆಯುವ ಲೆಕ್ಕ ಬರುವುದಿಲ್ಲ, ನಾನೇ ಕಲಿಸಿದೆ. ಊರಿಗೆ ಅಷ್ಟು ಸಾಕಾಯಿತು. ಅವರು ಲೆಕ್ಕ ಬಾರದ ಮೇಷ್ಟ್ರಾದರು. ಊರ ಹಿರಿಯ ಜಂಬಯ್ಯ ಬೀದಿಯಲ್ಲೇ ತಡೆದು, "ಏನ್ರಿ ಮೇಷ್ಟ್ರೇ, ಹುಡುಗಿ ಕಡಿಂದ ಲೆಕ್ಕ ಕಲಿತ್ರಂತ?" ಅಂತ ಕೇಳಿದ. ನಾನು ಪಕ್ಕದಲ್ಲೇ ಎದೆಯುಬ್ಬಿಸಿ ನಿಂತಿದ್ದೆ. "ಹೌದ್ರಿ, ಚಲೋ ಕಲಿಸ್ಯಾಳ" ಅಂದರು ಮೇಷ್ಟ್ರು.

ಮರುವಾರವೇ ಜಂಬಯ್ಯ ಮೊಮ್ಮಗನನ್ನು ಹಡಗಲಿಯ ಬೇರೆ ಶಾಲೆಗೆ ಸೇರಿಸಿದ. ವರ್ಗವಾಗಿ ಹೋಗುವವರೆಗೂ ಮೇಷ್ಟ್ರಿಗೆ ಆ ಹೆಸರು ಅಂಟಿಕೊಂಡೇ ಇತ್ತು. ಡಿ.ಎಡ್. ಓದುವಾಗ ಒಂದು ದಿನ ಪಾಠ ಕೇಳುತ್ತ ಕೂತಲ್ಲೇ ನನಗೆ ಎಲ್ಲ ಅರ್ಥವಾಗಿತ್ತು. ಹೇಳೋಣವೆಂದರೆ ಅವರು ಯಾವ ಊರಿನಲ್ಲಿದ್ದರೋ.

ಈಗ ಎದುರಿಗೇ ನಿಂತು ದಾರ ಕಚ್ಚುತ್ತಿದ್ದರು.

ನಾನು ಪ್ರೊಜೆಕ್ಟರ್ ಆರಿಸಿದೆ. ತರಬೇತಿಗೆಂದು ಕೊಟ್ಟ ಪೆನ್ನುಗಳಲ್ಲಿ ಮೂವತ್ತೆರಡನ್ನು ಇಸಿದುಕೊಂಡು, ಎರಡು ಬಿಡಿ ಉಳಿಸಿ, ಮಿಕ್ಕವಕ್ಕೆ ಹತ್ತತ್ತರಂತೆ ರಬ್ಬರ್ ಬ್ಯಾಂಡ್ ಹಾಕಿದೆ. ಒಂದು ಬ್ಯಾಂಡ್ ಕಡಿಮೆ ಬಿದ್ದಾಗ ನನ್ನ ಜಡೆಯದನ್ನೇ ಬಿಚ್ಚಿದೆ. ಮೇಷ್ಟ್ರ ಕಾಲಬುಡದಲ್ಲಿ ನೆಲದ ಮೇಲೆ ಕೂತೆ.

"ನನಗೂ ಇಪ್ಪತ್ತೈದ ಬರಾಕತ್ತೈತಿ" ಅಂದೆ. "ಇಬ್ರೂ ಕೂಡಿ ನೋಡೋಣ ಬರ್ರಿ."

ಅವರು ಮಂಡಿ ಹಿಡಿದುಕೊಂಡು ಕೆಳಗೆ ಕೂತರು. ಒಂದು ಕಟ್ಟು ಕೊಟ್ಟರು, ಬಿಡಿ ಎರಡು ಕೊಟ್ಟರು, ಮಿಕ್ಕ ಕಟ್ಟುಗಳನ್ನೇ ದಿಟ್ಟಿಸಿದರು. ಹೇಳಿಬಿಡಲು ನನ್ನ ನಾಲಿಗೆ ತುರಿಸಿತು, ಕಚ್ಚಿ ಹಿಡಿದೆ. ಬಾಯಿ ತೆರೆದ ಮಾರೇಶನಿಗೆ ಕಣ್ಣಲ್ಲೇ ಗದರಿದೆ.

"ಟೀಚರ್, ಕಟ್ಟು ಬಿಚ್ಚಬೇಕ್ರಿ!" ಅಂತ ಅರವತ್ತರ ಮುದುಕ ಎಂಟು ವರ್ಷದ ನನ್ನ ದನಿಯಲ್ಲಿ ಕಿರುಚಿದರು.

ಚಪ್ಪಾಳೆ ನಿಂತ ಮೇಲೆ ಶಿವಬಸಮ್ಮ ಮೇಡಂ, "ಕೂಡ್ಲಿಗಿ ತರಬೇತಿಗೂ ನೀವೇ ಬರ್ರಿ. ಈ ವಿಧಾನ ಯಾವ ಪುಸ್ತಕದಾಗ ಐತಿ?" ಅಂದರು.

"ಪುಸ್ತಕದಾಗ ಅಲ್ರಿ, ಮಾಗಳದಾಗ ಕಲಿತದ್ದು" ಅಂದೆ. ಮೇಷ್ಟ್ರು ಬೇರೆ ಕಡೆ ನೋಡುತ್ತಿದ್ದರು.

ಊಟದ ಬಿಡುವಿನಲ್ಲಿ ನಲ್ಲಿಯ ಹತ್ತಿರ ಅವರು ಡಬ್ಬಿ ತೊಳೆಯುತ್ತಿದ್ದರು. ತಡೆಯಲಾಗಲಿಲ್ಲ, ಕೇಳಿಯೇಬಿಟ್ಟೆ.

"ಊರೆಲ್ಲ ಆಡ್ಕೊಂತು ಸಾರ್. ಒಂದ್ ಮಾತು ನಿಜ ಹೇಳಿದ್ರ ಮುಗಿದೋಗ್ತಿತ್ತಲ್ರಿ. ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಮತ್ತ ಮಾತು ಬಿಡ್ತಿದ್ದಿ" ಅಂದರು. ಎಷ್ಟು ಸಲೀಸಾಗಿ ಅಂದರು!

ನಾನು ಅಳತೊಡಗಿದೆ. ಅತ್ತಿತ್ತ ಓಡಾಡುವವರು ನೋಡುತ್ತಿದ್ದರೂ ನನಗೆ ನಾಚಿಕೆಯಾಗಲಿಲ್ಲ. ಮೇಷ್ಟ್ರು ಡಬ್ಬಿಯ ಮುಚ್ಚಳ ಒತ್ತಿ, ಕೈ ಒರೆಸಿಕೊಂಡು, ತರಬೇತಿ ಕೋಣೆಯ ಕಡೆ ನೋಡಿದರು.

"ಅಳಬ್ಯಾಡ, ನಡಿ. ಮಧ್ಯಾಹ್ನ ಭಾಗಾಕಾರ ಐತಲ್ಲ?" ಅಂದರು. "ಅದೂ ನನಗ ಬರಂಗಿಲ್ಲ."