ಬಾಬಿನ್ ಎದೆಯ ಅಳತೆ

ಮೂರು ವರ್ಷದ ಹಿಂದೆ ಎಲ್ಲಿಂದಲೋ ಉರುಳಿಕೊಂಡು ಬಂದು ಹೊಲಿಗೆ ಮಿಷನ್ನಿನ ಕೆಳಗೆ ಸೇರಿಕೊಂಡ ಬೂದು ಬೆಕ್ಕಿಗೆ ಮಿಷನ್ನಿನ ದಾರದುರುಳೆಯ ಹೆಸರೇ ಬಿತ್ತು: ಬಾಬಿನ್. ಹೆಸರಿಟ್ಟವರು ಅತ್ತೆ, ಚಾಕರಿ ಸೊಸೆಯದು. ಅವರಿಬ್ಬರ ಟೈಲರ್ ಅಂಗಡಿಯ ಕೆಲಸವೂ ಹಾಗೆಯೇ ಹಂಚಿಹೋಗಿತ್ತು. ಅಳತೆ, ಕಟಿಂಗ್, ಹೊಲಿಗೆ ಸೊಸೆಯ ಪಾಲು. ಕಾಜಾ, ಗುಂಡಿ ಮತ್ತು ಟೀಕೆ ಅತ್ತೆಯ ಪಾಲು.

ಆ ಬೆಳಿಗ್ಗೆ ಸೊಸೆ ಕಾಲರಿಗೆ ಕ್ಯಾನ್ವಾಸ್ ಕೂರಿಸುತ್ತ ಒಮ್ಮೆ ತಲೆಯೆತ್ತಿದಳು. ಕಿಟಕಿ ಪಕ್ಕದ ಬಟ್ಟೆ ರಾಶಿಯ ಮೇಲೆ ಬಾಬಿನ್ ಎಂದಿನಂತೆ ಸುರುಳಿ ಸುತ್ತಿಕೊಂಡಿರಲಿಲ್ಲ. ಕೋಳಿ ಕೂತಂತೆ ಕೂತು, ಕತ್ತು ಮುಂದೆ ಚಾಚಿ, ಮುಂಗಾಲಿನ ಮೊಣಕೈಗಳನ್ನು ಮೈಗೆ ತಾಗಿಸದೆ ದೂರ ಇಟ್ಟುಕೊಂಡಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಬೇರೆ ಯಾರಾದರೂ ತೂಕಡಿಸುತ್ತಿದೆ ಅನ್ನುತ್ತಿದ್ದರು. ಆದರೆ ಅವಳು ಹದಿನಾರು ವರ್ಷದಿಂದ ಹೊಸ ಅಂಗಿ ತೊಟ್ಟು ಕನ್ನಡಿ ಮುಂದೆ ನಿಂತವರನ್ನು ನೋಡುತ್ತ ಬಂದವಳು. ಬಾಯಲ್ಲಿ ಸರಿಯಾಗಿದೆ ಅನ್ನುತ್ತಲೇ ಮೊಣಕೈ ಅಗಲಿಸಿ ನಿಲ್ಲುವವರನ್ನು ಎಲ್ಲಿ ಬಿಗಿ ಎಂದು ಅವಳು ಕೇಳಬೇಕಾಗಿರಲಿಲ್ಲ, ಕಂಕುಳಲ್ಲೇ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಬಾಬಿನ್ ಕೂತದ್ದು ಥೇಟ್ ಹಾಗೆ. ಮೈಮೇಲೆ ಅಂಗಿಯಿಲ್ಲ, ಬಿಗಿ ಮಾತ್ರ ಇದೆ.

ಹತ್ತಿರ ಕೂತು, ಮುಟ್ಟದೆ, ಗೋಡೆ ಗಡಿಯಾರ ನೋಡಿ ಉಸಿರು ಎಣಿಸಿದಳು. ಅರ್ಧ ನಿಮಿಷಕ್ಕೆ ಇಪ್ಪತ್ತೆರಡು. ಇನ್ನೊಮ್ಮೆ ಎಣಿಸಿದರೆ ಇಪ್ಪತ್ತಮೂರು. ಎದೆಗಿಂತ ಹೊಟ್ಟೆಯೇ ಹೆಚ್ಚು ಆಡುತ್ತಿತ್ತು. ಬೆಳಗಿನ ಮೀನು ತಟ್ಟೆಯಲ್ಲಿ ಹಾಗೇ ಇತ್ತು.

ವಿಷಯ ಕೇಳಿದ ಅತ್ತೆ ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಲಿಲ್ಲ.

"ನಮ್ಮನೆ ಅಲಾರಂ ಹೊಡ್ಕೊಳ್ತಲ್ಲಪ್ಪಾ," ಎಂದರು.

ಸೊಸೆಯೆಂಬ ಆ ಅಲಾರಂ ಹಿಂದೆ ಎರಡು ಸಲ ಸುಮ್ಮನೆ ಹೊಡೆದುಕೊಂಡಿತ್ತು. ಒಮ್ಮೆ ಬೆಕ್ಕಿನ ಬಿಕ್ಕಳಿಕೆಗೆ, ಇನ್ನೊಮ್ಮೆ ಹೊಟ್ಟೆಯಡಿಯ ಗಂಟಿಗೆ; ಆ ಗಂಟು ರೋಮಕ್ಕೆ ಸಿಕ್ಕಿಕೊಂಡ ದಾರದ ಉಂಡೆ ಎಂದು ಪ್ರಾಣಿಗಳ ಆಸ್ಪತ್ರೆಯ ಡಾಕ್ಟರಮ್ಮ ಕತ್ತರಿಯಲ್ಲಿ ತೆಗೆದು ಅವಳ ಕೈಗೇ ಇಟ್ಟಿದ್ದರು. ಅತ್ತೆ ಅದನ್ನೆಲ್ಲ ನೆನಪಿಸಿದರು. ಹೋಟೆಲಿನ ಹನ್ನೆರಡು ಕೋಟು ನಾಲ್ಕು ಗಂಟೆಗೆ ಹೋಗಬೇಕು, ಕೊಟ್ಟಮೇಲೆ ನೋಡಿದರಾಯಿತು ಎಂದರು.

ಆ ಎರಡು ಸಲವೂ ಸೊಸೆ ಮೊದಲು ಹೆದರಿಕೊಂಡು ಆಮೇಲೆ ನೋಡಿದ್ದಳು. ಇವತ್ತು ನೋಡಿದ್ದು ಮೊದಲು. ಅವಳು ಆಸ್ಪತ್ರೆಗೆ ಫೋನ್ ಮಾಡಿದಳು.

ಡಾಕ್ಟರಮ್ಮ ಲೆಕ್ಕ ಕೇಳಿಸಿಕೊಂಡು, "ಹೊಟ್ಟೆ ಏರಿದ್ದಕ್ಕೊಂದು, ಇಳಿದಿದ್ದಕ್ಕೊಂದು ಅಂತ ಎಣಿಸಿಲ್ಲ ತಾನೆ?" ಎಂದರು.

"ಇಲ್ಲ ಡಾಕ್ಟ್ರೇ. ಸೂಜಿ ಇಳಿದು ಎದ್ರೇನೇ ನಮ್ಮಲ್ಲಿ ಒಂದು ಹೊಲಿಗೆ."

ಹಾಗಿದ್ದರೆ ನಿಮಿಷಕ್ಕೆ ನಲವತ್ತೈದರ ಹತ್ತಿರ ಆಯಿತು, ಬೆಕ್ಕಿಗೆ ಅದು ತುಂಬ ಹೆಚ್ಚು, ಈಗಲೇ ಹೊರಡಿ ಎಂದರು ಅವರು. ಗಾಳಿಯಾಡುವ ಬುಟ್ಟಿ ಇರಲಿ, ಅಮುಕಿ ಹಿಡಿಯಬೇಡಿ, ಬಾಯಿಗೆ ನೀರು ಹಾಕಬೇಡಿ.

ಫೋನ್ ಇಡುವಷ್ಟರಲ್ಲಿ ಅತ್ತೆ ಎದ್ದಾಗಿತ್ತು. ಗುಂಡಿ ಡಬ್ಬಿಗಳಿದ್ದ ಬೆತ್ತದ ಬುಟ್ಟಿಯನ್ನು ನೆಲದ ಮೇಲೆ ಸುರಿದು ಖಾಲಿ ಮಾಡಿ ತಂದಿಟ್ಟರು.

"ಹೋಟೆಲಿನವರಿಗೆ ನಾನು ಹೇಳ್ಕೊಳ್ತೀನಿ, ಹೋಗು. ಕೋಟಿಗೇನು ಉಸಿರು ಕಟ್ಟಲ್ಲ."

ಆಸ್ಪತ್ರೆಯಲ್ಲಿ ಮೊದಲು ಬಾಬಿನ್ನನ್ನು ಆಮ್ಲಜನಕದ ಪೆಟ್ಟಿಗೆಯಲ್ಲಿ ಕೂರಿಸಿದರು. ಸ್ವಲ್ಪ ಸುಧಾರಿಸಿಕೊಂಡ ಮೇಲೆ ಡಾಕ್ಟರಮ್ಮ ಸ್ಟೆತಸ್ಕೋಪಿಟ್ಟು ಎದೆಯ ಕೆಳಭಾಗವನ್ನು ಎರಡೂ ಕಡೆ ಬಹಳ ಹೊತ್ತು ಆಲಿಸಿದರು. ನಿಮಗೆ ಏನು ಕಂಡು ಅನುಮಾನ ಬಂತು ಎಂದು ಕೇಳಿದಾಗ ಸೊಸೆ ಇದ್ದದ್ದನ್ನೇ ಹೇಳಿದಳು: ಕಂಕುಳ ಹತ್ತಿರ ಬಿಗಿ ಅನ್ನಿಸಿತು.

ಸ್ಕ್ಯಾನ್ ಮಾಡಿ ಬಂದ ಡಾಕ್ಟರಮ್ಮ, "ಬಿಗೀನೇ," ಎಂದರು. "ಎದೆ ಒಳಗೆ ನೀರು ತುಂಬಿದೆ. ಶ್ವಾಸಕೋಶ ಬಿಚ್ಚಿಕೊಳ್ಳೋಕೆ ಜಾಗ ಇಲ್ಲ. ಸಂಜೆವರೆಗೂ ಕಾದಿದ್ರೆ ಇದು ಉಳೀತಿತ್ತು ಅಂತ ಹೇಳೋಕಾಗಲ್ಲ."

ಪಕ್ಕೆಗೆ ಸಣ್ಣ ಸೂಜಿ ಹಾಕಿ ನೀರು ಎಳೆದರು. ಸೊಸೆ ಗಾಜಿನ ಆಚೆ ನಿಂತು ಬಾಬಿನ್ ಮೊಣಕೈಯನ್ನೇ ನೋಡುತ್ತಿದ್ದಳು. ಅರ್ಧ ಗಂಟೆಯಲ್ಲಿ ಅದು ಮೆಲ್ಲನೆ ಮೈಗೆ ಅಂಟಿಕೊಂಡಿತು. ಹೃದಯ ದುರ್ಬಲವಾಗಿದೆ, ದಿನಾ ಮಾತ್ರೆ ಬೇಕು, ನಿದ್ದೆಯಲ್ಲಿರುವಾಗ ಉಸಿರು ಎಣಿಸಬೇಕು, ನಿಮಿಷಕ್ಕೆ ಮೂವತ್ತು ದಾಟಿದರೆ ಫೋನ್ ಮಾಡಬೇಕು ಎಂದು ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು. ಎರಡು ದಿನ ಅಲ್ಲೇ ಇಟ್ಟುಕೊಂಡು ಕಳಿಸಿದರು.

ಬಾಬಿನ್ ಮನೆಗೆ ಬಂದ ಮಾರನೆಯ ಮಧ್ಯಾಹ್ನ ಅತ್ತೆ ಕಾಜಾ ಅರ್ಧಕ್ಕೆ ಬಿಟ್ಟು, ಬೆಕ್ಕನ್ನೂ ಗಡಿಯಾರವನ್ನೂ ಸರದಿಯಲ್ಲಿ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದರು. ನಿಮಿಷ ಮುಗಿದದ್ದೇ ಎದ್ದು ನಿಂತರು.

"ಐವತ್ತೆರಡು ಕಣೇ. ಫೋನ್ ಮಾಡು, ಬುಟ್ಟಿ ತರ್ತೀನಿ."

ಸೊಸೆ ಮಿಷನ್ ನಿಲ್ಲಿಸಿ ನೋಡಿದಳು. ಬಾಬಿನ್ ಮೂಗನ್ನು ಬಾಲದಡಿ ಹುದುಗಿಸಿ, ಕೈಕಾಲು ಎಲ್ಲಿದೆಯೆಂದೇ ತಿಳಿಯದಂತೆ ಸುರುಳಿಯಾಗಿ ಮಲಗಿತ್ತು.

"ಏರಿದ್ದಕ್ಕೂ ಒಂದು, ಇಳಿದಿದ್ದಕ್ಕೂ ಒಂದು ಹಾಕಿದ್ರಾ ಅತ್ತೆ?"

ಅತ್ತೆ ಕೂತು, ಕನ್ನಡಕ ಸರಿಮಾಡಿಕೊಂಡು, ಮೊದಲಿನಿಂದ ಎಣಿಸಿದರು. ಇಪ್ಪತ್ತಾರು ಬಂತು. ಬುಟ್ಟಿಯನ್ನು ಮಾತ್ರ ಬಾಗಿಲ ಪಕ್ಕದಿಂದ ತೆಗೆಯಲಿಲ್ಲ. ಗುಂಡಿ ಡಬ್ಬಿಗಳು ಇವತ್ತಿಗೂ ನೆಲದ ಮೇಲೇ ಇವೆ.