ಬಸಲಿಂಗವ್ವನ ಐದು ಕಿಲೋ

ನಾನು ಒಂದು ತೂಕದ ಯಂತ್ರ. ಹುಟ್ಟಿದ್ದು ಬೆಳಗಾವಿಯ ಸಣ್ಣದೊಂದು ಕಾರ್ಖಾನೆಯಲ್ಲಿ. ಮೊದಲು ಔಷಧಿ ಅಂಗಡಿಯೊಂದರ ಬಾಗಿಲಲ್ಲಿದ್ದೆ. ಜನ ಹತ್ತಿ, ನಕ್ಕು, ಇಳಿದು ಹೋಗುತ್ತಿದ್ದರು. ಆ ಅಂಗಡಿ ಮುಚ್ಚಿದ ಮೇಲೆ ಹುಬ್ಬಳ್ಳಿಯ ಒಂದು ಕ್ಯಾನ್ಸರ್ ಆಸ್ಪತ್ರೆ ಸೇರಿದೆ. ಇಲ್ಲಿ ಯಾರೂ ನಗುವುದಿಲ್ಲ. ನನ್ನ ಅಂಕಿ ನೋಡಿಯೇ ಔಷಧಿ ಎಷ್ಟೆಂದು ಗೊತ್ತುಮಾಡುತ್ತಾರೆ. ಅದರಿಂದ ನನಗೆ ಜಂಭವೂ ಬಂದಿತ್ತು, ಸುಳ್ಳೇಕೆ ಹೇಳಲಿ!

ಖಾನಾವಳಿ ನಡೆಸುತ್ತಿದ್ದ ಬಸಲಿಂಗವ್ವನಿಗೆ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ. ಡಾಕ್ಟರ್ ಮುಧೋಳ ನನ್ನ ಪಕ್ಕದಲ್ಲೇ ನಿಂತು ಅವಳಿಗೆ ತಿಳಿಸಿ ಹೇಳಿದರು: "ಮೊದಲ ಕೀಮೋ, ಅದರ ಜೋಡಿ ಆ್ಯಂಟಿಬಾಡಿ ಔಷಧಿ ಕೊಡ್ತೀವ್ರಿ. ಗಡ್ಡಿ ಸಣ್ಣದಾತಂದ್ರ ಆಪರೇಷನ್ ಮಾಡಿ ತೆಗೀತೀವಿ. ತೂಕ ಮಾತ್ರ ಇಳೀಬಾರದು ನೋಡ್ರಿ ಅವ್ವಾರ."

ತೂಕ ಇಳಿದರೆ ಆಪರೇಷನ್ನೇ ಇಲ್ಲ ಎಂದು ಅವಳು ತಿಳಿದುಕೊಂಡಳು.

ಮೊದಲ ದಿನ ನಲವತ್ತೆಂಟು ಕಿಲೋ. ಎರಡನೆಯ ಸಲವೂ ನಲವತ್ತೆಂಟೇ. ಆದರೆ ಅವಳು ಕಾಲಿಟ್ಟ ಕೂಡಲೇ ನನಗೆ ಗೊತ್ತಾಯಿತು. ಸೀರೆಯೊಳಗೆ ನಡುವಿಗೆ ಕಟ್ಟಿದ ಸಂಚಿಯಲ್ಲಿ, ಖಾನಾವಳಿಯಲ್ಲಿ ಜೋಳ ತೂಗುವ ಒಂದು ಕಿಲೋದ ಕಬ್ಬಿಣದ ಕಲ್ಲಿತ್ತು. ನಮ್ಮ ಬಳಗದವರ ಗುರುತು ನನಗೆ ಸಿಗದೇ? ಆ ಒಂದು ಕಿಲೋ ಮುಂದೆ ಮೂರಾಯಿತು, ಐದಾಯಿತು.

"ಭೇಷ್ ಅವ್ವಾರ, ತೂಕ ಹಿಡಕೊಂಡೀರಿ!" ಎನ್ನುತ್ತಿದ್ದರು ಸಿಸ್ಟರ್ ಫಿಲೋಮಿನಾ. ಬಸಲಿಂಗವ್ವ ಕಳ್ಳನಗೆ ನಗುತ್ತಿದ್ದಳು. ನಾನೂ ಸುಮ್ಮನಿದ್ದೆ. ಒಂದು ಸಲ ಅಂಕಿ ತಪ್ಪಿಸಿ, ಕಲ್ಲು ಬಿಟ್ಟು ಅವಳ ತೂಕವನ್ನಷ್ಟೇ ತೋರಿಸಿದ್ದರೆ ಡಾಕ್ಟರಿಗೆ ತಿಳಿಯುತ್ತಿತ್ತು. ಅಂಕಿ ತಪ್ಪಲು ನನ್ನ ಜಂಭ ಬಿಡಲಿಲ್ಲ.

ಗಡ್ಡೆ ಸಣ್ಣದಾಯಿತು. ಇನ್ನೊಂದು ಕೀಮೋ ಆದರೆ ಆಪರೇಷನ್. ಆ ದಿನ ತೂಕ ಮಾಡಿಸಿಕೊಂಡು ಇಳಿಯುವಾಗಲೇ ಅವಳು ಕುಸಿದಳು. ಸಂಚಿ ಹರಿದು ಕಲ್ಲುಗಳು ನನ್ನ ಮೇಲೇ ಬಿದ್ದವು.

"ಅಯ್ಯೋ ಯವ್ವಾ!" ಎಂದು ಮುಧೋಳರು ತಲೆ ಹಿಡಿದುಕೊಂಡರು. "ಗೊತ್ತಾಗಿದ್ರ ಔಷಧಿ ಕಮ್ಮಿ ಮಾಡ್ತಿದ್ವಿ, ಮೈ ಹಿಡಿಯೂ ಹಂಗ ಆಹಾರ ಕೊಡ್ತಿದ್ವಿ. ಆಪರೇಷನ್ ಯಾಕ ಬಿಡ್ತಿದ್ವಿ?"

ಮೈಗೆ ಮೀರಿದ ಔಷಧಿಯಿಂದ ಸೋತು ಅವಳು ಆರು ವಾರ ಹಾಸಿಗೆ ಹಿಡಿದಳು; ಕೀಮೋ ನಿಂತಿತು. ಅಷ್ಟರಲ್ಲಿ ರೋಗ ಯಕೃತ್ತಿಗೆ ಹಬ್ಬಿತ್ತು. ಆಪರೇಷನ್ ಆಗಲೇ ಇಲ್ಲ.

ಮನೆಗೆ ಹೊರಟ ದಿನ ಮಗಳು ಶಾಂಭವಿ ಸಿಟ್ಟಿನಿಂದ ನನ್ನನ್ನು ಒದ್ದಳು. "ಈ ಸುಡುಗಾಡ ಮಷೀನಿಗೆ ಒಂದು ದಿನಾನೂ ತಿಳೀಲಿಲ್ಲೇನು?"

ಬಸಲಿಂಗವ್ವ ಅವಳ ಕೈ ಹಿಡಿದು ತಡೆದಳು. "ಅದನ್ಯಾಕ ಒದೀತಿ? ಅದಕ್ಕೇನು ಗೊತ್ತಾಗತೈತಿ, ಪಾಪ."

ಈಗ ನನಗೆ ವಯಸ್ಸಾಗಿದೆ, ಸ್ಟೋರ್ ರೂಮಿನ ಮೂಲೆಯಲ್ಲಿದ್ದೇನೆ. ಬಸಲಿಂಗವ್ವ ಇಲ್ಲ. ನನಗೆ ಎಲ್ಲ ಗೊತ್ತಿತ್ತು ಎಂಬುದನ್ನು ತಿಳಿಯದೆಯೇ ಹೋದಳು.